ಕೊಳದ ಬದಿಯ ಮೂರು ಗೋಡೆಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಸುಳ್ಳಲ್ಲ. ಆದರೆ ಈ ಪ್ರಕರಣದಲ್ಲಿ ನಾನು ಕೆಟ್ಟವಳಾದದ್ದು ಕೋಪದಿಂದಲ್ಲ, ಸಂತೋಷದಿಂದ.

ಅಕ್ಕ ಮತ್ತು ನಾನು ಸೇರಿ ಕಟ್ಟಡಗಳ ನಕ್ಷೆ ಮಾಡುತ್ತೇವೆ. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಕೆಳಗಿನಿಂದ ಏರಿ ಬರುವ ಬಿಸಿ ಬಟ್ಟೆಯ ವಾಸನೆ ನಮ್ಮ ಕಾಗದಗಳಿಗೆಲ್ಲ ಹತ್ತಿಕೊಂಡಿದೆ. ಲೆಕ್ಕ ಅವಳದು, ಜಗಳ ನನ್ನದು. ಹದಿನಾರು ವರ್ಷದಿಂದ ಹೀಗೇ ನಡೆದಿದೆ, ಇಬ್ಬರಿಗೂ ಸಾಕಷ್ಟು ಕೆಲಸ ಸಿಕ್ಕಿದೆ.

ಹಳೆಯ ಉದ್ಯಾನದಲ್ಲಿ ಒಂದು ಓದುವ ಕೋಣೆ ಕಟ್ಟುವ ಕೆಲಸ ನಮ್ಮ ಕೈಗೆ ಬಂದಾಗ ಅಕ್ಕ ಅಳೆದು ತೂಗಿ ಯೋಚಿಸಿದಳು. ನಾನು ಯೋಚಿಸಲಿಲ್ಲ, ಒಪ್ಪಿಕೊಂಡೆ. ಇನ್ನೂರು ವರ್ಷದ ಉದ್ಯಾನ ಅದು. ನಡುವೆ ಒಂದು ಕೊಳ, ಕೊಳಕ್ಕೆ ಇಳಿಯುವ ಹನ್ನೊಂದು ಕಲ್ಲಿನ ಮೆಟ್ಟಿಲು, ಎರಡು ಸಾಲು ಮುದಿ ಮರಗಳು, ಹಿಂದೆ ವಾದ್ಯದವರು ಕೂರುತ್ತಿದ್ದ ಕಬ್ಬಿಣದ ಮಂಟಪ. ಪೂರ್ವದ ದಡದಲ್ಲಿ ಒಂದು ದೋಣಿಮನೆ ಇತ್ತು, ಅದು ಕುಸಿದು ಹೋಗಿ ಬಹಳ ಕಾಲವಾಗಿತ್ತು. ಅದೇ ಜಾಗದಲ್ಲಿ ನಮ್ಮ ಕೋಣೆ ಬರಬೇಕು.

ಇಂಥ ಜಾಗದಲ್ಲಿ ಹೊಸದನ್ನು ಕಟ್ಟುವುದೆಂದರೆ ತುಂಬಿದ ಮನೆಗೆ ಹೊಸ ಸೊಸೆ ಬಂದ ಹಾಗೆ. ತಲೆ ತಗ್ಗಿಸಿಕೊಂಡೇ ಇರಬೇಕಾಗಿಲ್ಲ, ಆದರೆ ಬಂದ ದಿನವೇ ಜೋರು ಮಾಡಬಾರದು. ಹಳೆಯ ಮೆಟ್ಟಿಲನ್ನು ನಕಲು ಮಾಡಿದರೆ ಸುಳ್ಳಾಗುತ್ತದೆ. ಗಾಜಿನ ಪೆಟ್ಟಿಗೆ ತಂದು ಇಟ್ಟರೆ ಒರಟಾಗುತ್ತದೆ. ಹಾಗಾದರೆ ಏನು ಮಾಡುವುದು ಎಂದು ತಿಳಿಯದೆ ಮೂರು ವಾರ ದಿನವೂ ಸಂಜೆ ಆ ದಡದಲ್ಲಿ ಸುಮ್ಮನೆ ಕೂತಿದ್ದೆ. ಉತ್ತರ ಕೊಟ್ಟದ್ದು ಬಿಸಿಲು. ಐದೂಕಾಲರಿಂದ ಐದೂಮುಕ್ಕಾಲರವರೆಗೆ ಸೂರ್ಯ ಎದುರು ದಡದ ಮರಗಳ ಕೆಳಗೆ ಇಳಿದು ನೀರಿಗೆ ಬೀಳುತ್ತಾನೆ. ನೀರು ಆ ಬೆಳಕನ್ನು ನಮ್ಮ ದಡದ ಮೇಲೆ ಎಸೆಯುತ್ತದೆ. ಅಲ್ಲಿ ಒಂದು ಗೋಡೆ ಇದ್ದರೆ ಅರ್ಧ ಗಂಟೆ ಅದರ ಮೇಲೆ ಕೊಳವೇ ಅಲುಗಾಡುತ್ತದೆ. ಆ ಗೋಡೆ ಸುಣ್ಣದ ಗಾರೆಯದಾಗಬೇಕು, ಕೊಳದ ಮರಳನ್ನೇ ಬೆರೆಸಿ ಉಜ್ಜಿ ಉಜ್ಜಿ ನಯ ಮಾಡಿದ್ದಾಗಬೇಕು. ಪಾಯದ ಕಲ್ಲು ಹೊರಗೆ ಕಾಣಬಾರದು. ಗೋಡೆ ನೇರವಾಗಿ ಹುಲ್ಲಿಗೆ ಇಳಿಯಬೇಕು, ನೆಲದಿಂದಲೇ ಎದ್ದು ಬಂದಂತೆ. ಗೋಡೆ ಹುಲ್ಲನ್ನು ಮುಟ್ಟುವ ಆ ಒಂದು ಗೆರೆಯೇ ನನ್ನ ಇಡೀ ಕಟ್ಟಡವಾಗಿತ್ತು.

ಉದ್ಯಾನಕ್ಕೆ ಐದು ಜನರ ಸಮಿತಿ. ಅಧ್ಯಕ್ಷರು ನಿವೃತ್ತ ಕಣ್ಣಿನ ಡಾಕ್ಟರು. ಯಾರ ಜೊತೆ ಮಾತಾಡಿದರೂ ಅವರ ಕಣ್ಣೊಳಗೆ ಏನೋ ಹುಡುಕುತ್ತಿರುತ್ತಾರೆ.

"ಸುಣ್ಣ ಕೊಳೆಯಾಗುತ್ತಮ್ಮ," ಎಂದರು ನನ್ನ ನಕ್ಷೆ ನೋಡಿ. "ಎರಡು ಮಳೆಗೆ ಕಪ್ಪು ಗೀರು, ಹಸಿರು ಪಾಚಿ. ಆಮೇಲೆ ನೋಡೋರು ಯಾರು? ಬಿಳಿ ಕಲ್ಲು ಹಾಕಿಬಿಡಿ, ಕಥೆ ಮುಗೀತು."

"ಬಿಳಿ ಕಲ್ಲು ಬೆಳಕನ್ನ ಮುಖಕ್ಕೆ ರಾಚುತ್ತೆ ಡಾಕ್ಟ್ರೇ. ನಿಮಗೆ ನಾನು ಹೇಳ್ಬೇಕಾ?"

ಒಂದು ಗಂಟೆ ಹಗ್ಗಜಗ್ಗಾಟವಾಯಿತು. ಕೊನೆಗೆ ಅಕ್ಕ ಬಾಯಿ ಬಿಟ್ಟಳು. ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ: ಕಟ್ಟುವ ಮೊದಲು ಅದೇ ಜಾಗದಲ್ಲಿ ಮಾದರಿ ಗೋಡೆ ಎಬ್ಬಿಸಿ ಬಿಸಿಲು ಮಳೆಗೆ ಬಿಡುವುದು. ಕಾಗದ ಸುಳ್ಳು ಹೇಳಬಹುದು, ಒಂದು ವರ್ಷ ನೆನೆದ ಗೋಡೆ ಹೇಳುವುದಿಲ್ಲ. ಹಾಗೆ ಕೊಳದ ಬದಿಯಲ್ಲಿ ಆಳೆತ್ತರದ ಮೂರು ಗೋಡೆಗಳು ಎದ್ದವು. ಒಂದು ಬಿಳಿ ಕಲ್ಲಿನದು, ಒಂದು ಇಟ್ಟಿಗೆಯದು, ಒಂದು ನನ್ನ ಸುಣ್ಣದ್ದು. ಪಕ್ಕದಲ್ಲಿ ಒಂದು ಫಲಕ: ಪರೀಕ್ಷೆ ನಡೆಯುತ್ತಿದೆ, ಮುಟ್ಟಬೇಡಿ. ವರ್ಷ ಕಳೆದ ಮೇಲೆ ಯಾವುದು ಚೆನ್ನಾಗಿ ಉಳಿದಿರುತ್ತದೋ ಅದರಲ್ಲೇ ಕಟ್ಟುವುದು ಎಂದು ಎಲ್ಲರೂ ಸಹಿ ಹಾಕಿದೆವು.

ಆ ವರ್ಷ ಬೇರೆ ಕೆಲಸಗಳಲ್ಲಿ ಕಳೆಯಿತು. ಪರೀಕ್ಷೆ ಮುಗಿಯಲು ಒಂಬತ್ತು ದಿನ ಇರುವಾಗ, ಒಂದು ಭಾನುವಾರ, ನಾವಿಬ್ಬರೂ ನೋಡಲು ಹೋದೆವು. ಬಿಳಿ ಕಲ್ಲಿನ ಮೇಲೆ ಚಹಾ ಚೆಲ್ಲಿದಂಥ ಕಲೆಗಳು ಇಳಿದಿದ್ದವು. ಇಟ್ಟಿಗೆಯ ಸಂದುಗಳಲ್ಲಿ ಉಪ್ಪು ಬಿಳಿಯಾಗಿ ಹೂ ಬಿಟ್ಟಿತ್ತು. ನನ್ನ ಸುಣ್ಣದ ಗೋಡೆ ಮಾತ್ರ ನಿನ್ನೆ ಮುಗಿಸಿದ ಹಾಗಿತ್ತು. ಐದೂವರೆ ಆಗಿತ್ತು. ನೀರಿನ ಬೆಳಕು ಅದರ ಮೇಲೆ ಮೆತ್ತಗೆ ಓಡಾಡುತ್ತಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು.

ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿದಳು. "ಸುಣ್ಣ ಹೀಗಿರಲ್ಲ ಕಣೆ."

"ಇದೆಯಲ್ಲ! ಕಣ್ಣಿಗೆ ಕಾಣಿಸ್ತಾ ಇಲ್ವಾ?"

"ಕಾಣಿಸ್ತಾ ಇದೆ. ಅದಕ್ಕೇ ಹೇಳ್ತಿದೀನಿ. ಮೂರು ತಿಂಗಳು ಮಳೇಲಿ ನಿಂತಿದೆ, ಒಂದು ಗೀರಾದ್ರೂ ಇರಬೇಡ್ವಾ?"

ಒಳ್ಳೆಯದು ಕಂಡರೆ ಇವಳಿಗೆ ಹೊಟ್ಟೆನೋವು ಎಂದು ರೇಗಿದೆ. ಆದರೂ ಅವಳ ಮಾತು ಹುಳದಂತೆ ತಲೆ ಕೊರೆಯಿತು. ಮರುದಿನ ಬೆಳಿಗ್ಗೆ ಒಬ್ಬಳೇ ಹೋದೆ. ಸೋಮವಾರ ಬೆಳಿಗ್ಗೆ ಉದ್ಯಾನ ಮುಚ್ಚಿರುತ್ತದೆ, ಸ್ವಚ್ಛ ಮಾಡುವ ಹೊತ್ತು. ಕಾವಲಿನವನು ನನ್ನ ಗುರುತು ಹಿಡಿದು ಒಳಗೆ ಬಿಟ್ಟ.

ಸುಣ್ಣದ ಗೋಡೆಯ ಮುಂದೆ ಒಂದು ಬಕೆಟ್ಟು. ಅದರ ಪಕ್ಕ ಚಿಕ್ಕಮ್ಮ.

ಚಿಕ್ಕಮ್ಮ ಎಂದರೆ ಉದ್ಯಾನದ ಗುಡಿಸುವಾಕೆ. ಕಾವಲಿನವನಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರಿಗೂ ಆಕೆ ಚಿಕ್ಕಮ್ಮ. ಅರವತ್ತರ ಹತ್ತಿರ ವಯಸ್ಸು, ತೋಳು ಮುಚ್ಚುವ ಹಳೆಯ ಸ್ವೆಟರು, ಎರಡು ಮೈಲಿ ಕೇಳಿಸುವ ಧ್ವನಿ. ನನ್ನನ್ನು ಗೋಡೆ ಮೇಡಂ ಎಂದು ಕರೆಯುತ್ತಿದ್ದರು. ಈಗ ಮೆತ್ತನೆಯ ಬಟ್ಟೆಯನ್ನು ನೀರಿಗೆ ಅದ್ದಿ, ಮಗುವಿನ ಮುಖ ಒರೆಸುವ ಹಾಗೆ ನನ್ನ ಗೋಡೆಯನ್ನು ಒರೆಸುತ್ತಿದ್ದರು.

"ಚಿಕ್ಕಮ್ಮ! ಏನ್ ಮಾಡ್ತಿದೀರಾ?"

"ಕಾಣ್ಸಲ್ವಾ? ಸೋಮವಾರ ಅಲ್ವಾ ಇವತ್ತು."

"ಪ್ರತಿ ಸೋಮವಾರಾನಾ?"

"ಮತ್ತೆ? ಒಂದೂ ತಪ್ಸಿಲ್ಲ. ಜ್ವರ ಬಂದಾಗ ಒಂದ್ಸಲ ಬುಧವಾರ ಮಾಡ್ದೆ."

ಫಲಕದ ಕಡೆ ಕೈ ತೋರಿಸಿದೆ. ಮುಟ್ಟಬಾರದು ಅಂದರೆ ಕೊಳೆ ಕೈಯಲ್ಲಿ ಮುಟ್ಟಬಾರದು ಅಂತ ತಾನೇ, ತೊಳೆಯುವುದಕ್ಕೆ ಯಾರಾದರೂ ಬೇಡ ಅಂತಾರಾ, ಎಂದು ನನ್ನನ್ನೇ ಕೇಳಿದರು. ಮೂವತ್ತು ವರ್ಷದಿಂದ ಮೆಟ್ಟಿಲು, ಮಂಟಪ, ಬೆಂಚು, ಎಲ್ಲಕ್ಕೂ ಅವರ ಕೈ ಓಡಾಡಿದೆ. ಹೊಸದಾಗಿ ಎದ್ದದ್ದನ್ನು ಹಾಗೇ ಬಿಡಬೇಕು ಎಂಬುದು ಅವರ ತಲೆಗೆ ಬರುವ ವಿಷಯವೇ ಅಲ್ಲ. ಅದು ನಮಗೆ ಮಾತ್ರ ಬರುತ್ತದೆ. ನಾವು ಫಲಕ ಬರೆದೆವು, ಗುಡಿಸುವವರ ಜೊತೆ ಒಂದು ಮಾತು ಆಡಲಿಲ್ಲ.

"ಹಾಗಾದ್ರೆ ಮೂರನ್ನೂ ಯಾಕೆ ತೊಳೀಲಿಲ್ಲ?"

"ಆ ಬಿಳೀದು ಮಧ್ಯಾಹ್ನ ಕಣ್ಣಿಗೆ ಚುಚ್ಚುತ್ತೆ. ಇಟ್ಟಿಗೆಗೆ ಒರಗಿದ್ರೆ ಸ್ವೆಟರ್ ದಾರ ಎಳ್ಕೊಳ್ಳುತ್ತೆ. ನಾನು ಊಟ ಮಾಡೋದು ಇಲ್ಲಿ." ಗೋಡೆಯನ್ನು ಅಂಗೈಯಿಂದ ತಟ್ಟಿದರು. "ಇದಕ್ಕೆ ಒರಗಿದ್ರೆ ಯಾರೋ ಬೆನ್ನ ಮೇಲೆ ಕೈ ಇಟ್ಟ ಹಾಗಿರುತ್ತೆ. ಬಿಸಿಲು ಹೋದ್ಮೇಲೂ."

ನನ್ನ ಜೀವಮಾನದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಆದರೆ ಆ ಹೊತ್ತಿಗೆ ಅದು ಕಿವಿಗೇ ಬೀಳಲಿಲ್ಲ. ಪರೀಕ್ಷೆ ಕೆಟ್ಟಿತ್ತು. ಗೆದ್ದದ್ದು ನನ್ನ ಸುಣ್ಣವಲ್ಲ, ಚಿಕ್ಕಮ್ಮನ ಬಟ್ಟೆ. ಸಮಿತಿಗೆ ಗೊತ್ತಾದರೆ ಬಿಳಿ ಕಲ್ಲೇ ಗತಿ.

"ಚಿಕ್ಕಮ್ಮ, ಇದನ್ನ ಯಾರಿಗೂ ಹೇಳ್ಬೇಡಿ. ಮುಂದಿನ ಮಂಗಳವಾರದ ತನಕ."

"ಯಾಕೆ?"

"ಮುಟ್ಟಿದ್ದಕ್ಕೆ ನಿಮಗೆ ಬೈತಾರೆ."

ಅದು ಅರ್ಧ ನಿಜ. ಉಳಿದರ್ಧ ನನ್ನ ಸ್ವಾರ್ಥ. ಅವರು ಬಟ್ಟೆ ಹಿಂಡುತ್ತಾ ನನ್ನನ್ನೇ ನೋಡಿದರು. "ಬೈಯೋಕೆ ನಾನೇನ್ ಕದ್ದಿದೀನಾ?" ಎಂದರು. ಆದರೂ ಕೊನೆಗೆ ಸರಿ ಎಂದು ತಲೆಯಾಡಿಸಿದರು.

ಆಫೀಸಿನಲ್ಲಿ ಅಕ್ಕ ಕೇಳಿದಾಗ, ಗಾರೆಯ ಹದ ಚೆನ್ನಾಗಿ ಬಂದಿತ್ತು, ಅಷ್ಟೇ ಎಂದೆ. ಅಕ್ಕ ನಂಬಿದಳು. ಹದಿನಾರು ವರ್ಷದಲ್ಲಿ ಕೆಲಸದ ವಿಷಯಕ್ಕೆ ಅವಳ ಹತ್ತಿರ ನಾನು ಹೇಳಿದ ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂದು ನನಗೇ ಆಶ್ಚರ್ಯವಾಯಿತು.

ಮಂಗಳವಾರ ಸಂಜೆ ಐದಕ್ಕೆ ಸಮಿತಿಯ ಐದೂ ಜನ ಕೊಳದ ಬದಿಗೆ ಬಂದರು. ಡಾಕ್ಟರು ಜೇಬಿನಿಂದ ಭೂತಗನ್ನಡಿ ತೆಗೆದು ಮೂರು ಗೋಡೆಗಳನ್ನೂ ಪರೀಕ್ಷಿಸಿದರು. ಸುಣ್ಣದ ಮುಂದೆ ಬಹಳ ಹೊತ್ತು ನಿಂತರು. ಅಷ್ಟರಲ್ಲಿ ಬಿಸಿಲು ನೀರಿಗಿಳಿದು ಗೋಡೆಯ ಮೇಲೆ ಬೆಳಕು ಹರಿಯತೊಡಗಿತು.

"ನಾನು ಸೋತೆ," ಎಂದರು ಡಾಕ್ಟರು. "ಒಂದು ವರ್ಷ ಯಾರೂ ಕೈ ಹಚ್ಚಿಲ್ಲ, ಆದ್ರೂ ನೋಡಿ ಹೇಗಿದೆ! ತನ್ನನ್ನ ತಾನೇ ನೋಡ್ಕೊಳ್ಳೋ ಗೋಡೆ. ಇಂಥದ್ದಿದ್ರೆ ಹೊಸ ಕಟ್ಟಡಕ್ಕೆ ಗುಡಿಸೋರು ಒರೆಸೋರು ಅಂತ ಬೇರೆ ಜನಾನೇ ಬೇಡ."

ಹಿಂದೆ ಪೊರಕೆಯ ಸದ್ದು ನಿಂತಿತು. ಚಿಕ್ಕಮ್ಮ ಮೆಟ್ಟಿಲ ಮೇಲೆ ಎಲೆ ಗುಡಿಸುತ್ತಿದ್ದರು. ನಾನು ತಿರುಗಿ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು.

"ತಾನೇ ನೋಡ್ಕೊಳ್ಳುತ್ತಾ?" ಆ ಎರಡು ಮೈಲಿಯ ಧ್ವನಿ. "ಐವತ್ತೆರಡು ಸೋಮವಾರ ನಾನು ತೊಳ್ದಿದೀನಿ ಡಾಕ್ಟ್ರೇ. ನಲ್ಲಿ ಇರೋದು ಮಂಟಪದ ಹತ್ರ. ಅಲ್ಲಿಂದ ಇಲ್ಲಿಗೆ ನೂರಾ ಎಂಬತ್ತು ಹೆಜ್ಜೆ. ವಾರಕ್ಕೆ ನಾಲ್ಕು ಬಕೆಟ್ಟು. ತಾನೇ ನೋಡ್ಕೊಂತಂತೆ!"

ಡಾಕ್ಟರು ಭೂತಗನ್ನಡಿ ಇಳಿಸಿ ನನ್ನ ಕಣ್ಣೊಳಗೆ ನೋಡಿದರು. "ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಎಂಟು ದಿನದ ಹಿಂದೆ ಸುಳ್ಳು ಹೇಳುವುದು ಸಲೀಸು ಎಂದು ಕಲಿತೂ ಆಗಿತ್ತು. ಆದರೆ ಪಕ್ಕದಲ್ಲಿ ಅಕ್ಕ ನಿಂತಿದ್ದಳು.

"ಗೊತ್ತಿತ್ತು. ಹೇಳ್ಬೇಡಿ ಅಂದವಳೂ ನಾನೇ."

ಡಾಕ್ಟರು ಬೈಯಲಿಲ್ಲ. ಉಳಿದ ನಾಲ್ವರ ಜೊತೆ ಮರದ ಕೆಳಗೆ ಹೋಗಿ ಮಾತಾಡಿಕೊಂಡು ಬಂದರು. ಶುಕ್ರವಾರ ಮತ್ತೆ ಸೇರುವುದು. ಸುಣ್ಣದ ಗೋಡೆಯನ್ನು ಕಟ್ಟಿದ ಮೇಲೆ ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಎಂದು ನಕ್ಷೆಯಲ್ಲಿ ತೋರಿಸಬೇಕು. ಆಗದಿದ್ದರೆ ಬಿಳಿ ಕಲ್ಲು.

ಚಿಕ್ಕಮ್ಮ ನನ್ನ ಪಕ್ಕದಿಂದಲೇ ಹಾದು ಹೋದರು, ಮುಖ ನೋಡಲಿಲ್ಲ. "ಬೈತಾರೆ ಅಂದ್ರಿ, ಸುಮ್ನಿದ್ದೆ," ಎಂದರು ಹೋಗುತ್ತಾ. "ನನ್ನ ಕೆಲ್ಸ ತಗೊಂಡು ಗೋಡೆಗೆ ಕೊಟ್ಬಿಟ್ರಲ್ಲ, ಮೇಡಂ. ಅದಕ್ಕೆ ಸುಮ್ನಿರಕ್ಕಾಗ್ಲಿಲ್ಲ."

ನಾಚಿಕೆ ಎಂದರೆ ಏನೆಂದು ನನಗೆ ಆ ಸಂಜೆ ಗೊತ್ತಾಯಿತು. ಆಫೀಸಿನ ಬೀಗ ತೆಗೆಯುವಾಗ ಅಕ್ಕ, "ನನಗಾದ್ರೂ ಹೇಳಬಹುದಿತ್ತು," ಎಂದಳು.

ಮರುದಿನ ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಹೋಗಿ ನಿಂತೆ. ಚಿಕ್ಕಮ್ಮ ಸಾಮಾನಿನ ಕೋಣೆಯಿಂದ ಪೊರಕೆ ತೆಗೆಯುತ್ತಿದ್ದರು.

"ತಪ್ಪಾಯ್ತು ಚಿಕ್ಕಮ್ಮ."

"ಆಯ್ತು."

"ನನ್ನ ಆಸೆಗೆ ನಿಮ್ಮ ಬಾಯಿ ಮುಚ್ಚಿಸ್ದೆ. ಅದು ತಪ್ಪು."

"ಆಯ್ತು ಅಂದ್ನಲ್ಲ." ಪೊರಕೆ ಬದಿಗಿಟ್ಟರು. "ಈಗ ಏನ್ ಬೇಕು? ಸುಮ್ನೆ ಬಂದಿರಲ್ಲ."

ಗೋಡೆಯನ್ನು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದೆ. ಅವರು ಮೂಲೆಯಲ್ಲಿದ್ದ ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. "ಬಾಯಲ್ಲಿ ಹೇಳೋ ಕೆಲ್ಸ ಅಲ್ಲ ಇದು. ತಗೋ, ನೀರು ತಾ." ಮೇಡಂ ಎಂಬುದು ಉದುರಿ ಹೋಗಿತ್ತು. ನನಗೆ ಅದರಿಂದ ಸಮಾಧಾನವೇ ಆಯಿತು.

ನಲ್ಲಿಯಿಂದ ಹೆಜ್ಜೆ ಎಣಿಸುತ್ತಾ ಬಂದೆ. ನನ್ನ ಕಾಲಿಗೆ ನೂರಾ ಎಪ್ಪತ್ತೆರಡು. ಗೋಡೆ ಮುಟ್ಟುವಷ್ಟರಲ್ಲಿ ಬಕೆಟ್ಟಿನ ಅರ್ಧ ನೀರು ನನ್ನ ಚಪ್ಪಲಿಯಲ್ಲಿತ್ತು. ಆ ದಡದಲ್ಲಿ ವರ್ಷದ ಯಾವ ದಿನ ಯಾವ ಗಂಟೆಗೆ ಬೆಳಕು ಎಲ್ಲಿ ಬೀಳುತ್ತದೆ ಎಂದು ನನ್ನ ಹತ್ತಿರ ಅರವತ್ತು ಚಿತ್ರಗಳಿದ್ದವು. ಒಂದರಲ್ಲೂ ಒಂದು ನಲ್ಲಿ ಇರಲಿಲ್ಲ.

"ಮೇಲಿಂದ ಕೆಳಕ್ಕೆ," ಎಂದರು ಚಿಕ್ಕಮ್ಮ. "ಉಜ್ಬೇಡ, ಒರ್ಸು. ಸೋಪು ಬೇಡ. ಹಾಂ, ಹಾಗೆ. ಈಗ ಕೂತ್ಕೊಂಡು ಕೆಳಗೆ ನೋಡು."

ಮಂಡಿಯೂರಿ ಹುಲ್ಲು ಸರಿಸಿದೆ. ನನ್ನ ಗೆರೆ ಅಲ್ಲಿತ್ತು, ಗೋಡೆ ನೆಲವನ್ನು ಮುಟ್ಟುವ ಆ ಗೆರೆ. ಅದರ ಮೇಲೆ ಒಂದು ಗೇಣಿನಷ್ಟು ಗಾರೆ ಬೇರೆಯದೇ ಬಣ್ಣದ್ದಾಗಿತ್ತು.

"ಏನಿದು?"

"ನಿಮ್ಮ ಗಾರೆ ಮೇಸ್ತ್ರಿ ಬಿಟ್ಟು ಹೋಗಿದ್ನಲ್ಲ ಒಂದು ಡಬ್ಬ, ಅದ್ರಿಂದ ಮೆತ್ತಿದೀನಿ. ಮೂರು ಸಲ. ನೆಲದ ನೀರು ಮೇಲಕ್ಕೆ ಹತ್ತುತ್ತೆ, ಮಳೆ ನೀರು ಕೆಳಗಿಂದ ಸಿಡಿಯುತ್ತೆ. ನಿಲ್ಲಲ್ಲ ಇದು. ಒತ್ತಿ ನೋಡು."

"ಈ ಗೆರೆ ಹೋದ್ರೆ ನನ್ನ ಕಟ್ಟಡಾನೇ ಹೋಯ್ತು ಚಿಕ್ಕಮ್ಮ. ನೆಲದಿಂದ ಎದ್ದ ಹಾಗಿರೋದೇ ಇದರ ಅಂದ. ನಿಮಗೆ ಹೇಗೆ ಹೇಳೋದು..." ನನ್ನ ಧ್ವನಿ ಏರಿತ್ತು. ಕೋಪ ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಒತ್ತಿ ನೋಡು," ಎಂದರು ಮತ್ತೆ.

ಒತ್ತಿದೆ. ಹೆಬ್ಬೆರಳು ಉಗುರು ಮುಳುಗುವಷ್ಟು ಒಳಗೆ ಹೋಯಿತು. ಹಿಂದಕ್ಕೆ ತೆಗೆದಾಗ ಬೆರಳಿಗೆ ಒದ್ದೆ ಹಿಟ್ಟು ಮೆತ್ತಿಕೊಂಡಿತ್ತು. ನಾನು ಎಷ್ಟೋ ಸಂಜೆ ಆ ದಡದಲ್ಲಿ ಕೂತು ಬೆಳಕನ್ನು ನೋಡಿದ್ದೆ, ಒಂದು ದಿನವೂ ಬಗ್ಗಿ ಹುಲ್ಲು ಸರಿಸಿರಲಿಲ್ಲ.

"ಕಲ್ಲು ಹಾಕು," ಎಂದರು ಚಿಕ್ಕಮ್ಮ ಮೆತ್ತಗೆ. "ಮೆಟ್ಟಿಲಿಗೆ ಹಾಕಿದಾರಲ್ಲ, ಅಂಥ ಕಪ್ಪು ಕಲ್ಲು, ಮಂಡಿ ಎತ್ತರ. ಮುಂದಕ್ಕೆ ಸ್ವಲ್ಪ ಬರಲಿ, ಜನ ಕೂರಬಹುದು. ಅದರ ಮೇಲಿಂದ ನಿನ್ನ ಸುಣ್ಣ. ನೂರು ವರ್ಷ ಇರುತ್ತೆ."

ಆ ಮಧ್ಯಾಹ್ನ ಅಕ್ಕನ ಮೇಜಿನ ಮೇಲೆ ನನ್ನ ಗೆರೆಯನ್ನು ನಾನೇ ರಬ್ಬರಿನಿಂದ ಅಳಿಸಿದೆ. ಅತ್ತುಬಿಡುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ಅಕ್ಕ ಕಲ್ಲಿನ ಸಾಲನ್ನು ಲೆಕ್ಕ ಹಾಕಿ ಎಳೆದಳು. ಗೋಡೆಯ ಹತ್ತಿರ ನಾನು ಒಂದು ಸಣ್ಣ ಸೊನ್ನೆ ಬರೆದೆ, ಚಿಕ್ಕಮ್ಮನ ನಲ್ಲಿಗೆ. ಆಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಮೆಟ್ಟಿಲ ಕಲ್ಲು ದಡದಿಂದ ನಡೆದು ಬಂದು ಕಟ್ಟಡದ ಕೆಳಗೆ ಕೂತ ಹಾಗಿತ್ತು. "ಮೊದಲಿಗಿಂತ ಚೆನ್ನಾಗಿದೆ ಅಂತ ನಾನು ಹೇಳಲ್ಲ," ಎಂದಳು ಅಕ್ಕ, "ಹೇಳಿದ್ರೆ ನೀನು ರೇಗ್ತೀಯ." ಮಂಗಳವಾರದಿಂದ ಅವಳು ನನ್ನ ಜೊತೆ ಆಡಿದ ಮೊದಲ ತಮಾಷೆ ಅದು.

ಶುಕ್ರವಾರ ಮಂಟಪದಲ್ಲಿ ನಕ್ಷೆ ಹರಡಿದೆವು. ಡಾಕ್ಟರು ಕಲ್ಲಿನ ಸಾಲಿನ ಮೇಲೆ ಬೆರಳಿಟ್ಟು ತಲೆದೂಗಿದರು. "ಇದು ಒಳ್ಳೇ ಯೋಚನೆ. ಯಾವಾಗ ಹೊಳೀತು ನಿಮಗೆ?"

"ನನಗೆ ಹೊಳೆದಿದ್ದಲ್ಲ. ಚಿಕ್ಕಮ್ಮ ಹೇಳಿದ್ದು. ಕಲ್ಲೂ ಅವರದೇ, ನಲ್ಲಿಯೂ ಅವರದೇ."

"ಹಾಗಾದ್ರೆ ಕರೀರಿ."

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಮೂವತ್ತು ವರ್ಷ ಆ ಮಂಟಪ ಗುಡಿಸಿದವರು, ಸಭೆ ನಡೆಯುವಾಗ ಒಳಗೆ ಕಾಲಿಟ್ಟದ್ದು ಅದೇ ಮೊದಲಂತೆ. ಯಾವುದು ಕೊಳ, ಯಾವುದು ಮೆಟ್ಟಿಲು ಎಂದು ತೋರಿಸಿದೆ. ಒಂದು ನಿಮಿಷದಲ್ಲಿ ಎಲ್ಲ ಹಿಡಿದುಕೊಂಡರು.

"ಈ ಸೊನ್ನೆ ಏನು?"

"ಅದೇ ನಲ್ಲಿ."

"ಇಲ್ಲಿ ಬೇಡ. ಇಲ್ಲಿ ಜನ ಕೂರ್ತಾರೆ, ಒದ್ದೆ ಆಗುತ್ತೆ. ಆ ಮೂಲೆ ಆಚೆ ಹಾಕು."

ಅಕ್ಕ ಪೆನ್ಸಿಲ್ ಮುಂದೆ ಮಾಡಿದಳು. ಐದು ಜನರ ಎದುರಿಗೆ ಸೊನ್ನೆ ಅಳಿಸಿ ಮೂಲೆಯಾಚೆ ಬರೆದೆ.

ಡಾಕ್ಟರು ಕೈ ಎತ್ತಲು ಹೇಳಿದರು. ಸುಣ್ಣಕ್ಕೆ ಇಬ್ಬರು, ಬಿಳಿ ಕಲ್ಲಿಗೆ ಇಬ್ಬರು. ಈಗ ಉಳಿದದ್ದು ಅವರ ಒಂದೇ ಕೈ. ಅವರು ಎತ್ತದೆ ನಕ್ಷೆಯನ್ನೇ ನೋಡುತ್ತಾ ಕೂತರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಆಗ ನನ್ನ ಹಿಂದಿನಿಂದ ಒಂದು ಕೈ ಮೇಲೆದ್ದಿತು, ಸ್ವೆಟರಿನ ತೋಳು ಮೊಣಕೈವರೆಗೆ ಮಡಚಿದ ಕೈ.

"ಚಿಕ್ಕಮ್ಮ, ನಿಮಗೆ ವೋಟಿಲ್ಲ," ಎಂದರು ಡಾಕ್ಟರು.

"ಗೊತ್ತು," ಎಂದರು ಚಿಕ್ಕಮ್ಮ. "ನೀವು ಎತ್ತೋ ತನಕ ಇರ್ಲಿ ಅಂತ."

ಕೈ ಇಳಿಸಲಿಲ್ಲ. ಡಾಕ್ಟರು ಅವರನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಕೊಳದ ಕಡೆ. ನಿಧಾನಕ್ಕೆ ತಮ್ಮ ಕೈ ಎತ್ತಿದರು. ನಾನು ಅಲ್ಲೇ ಅತ್ತುಬಿಟ್ಟೆ ಎಂದು ಅಕ್ಕ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾಳೆ, ನಾನು ಜಗಳಕ್ಕೆ ಹೋಗುವುದಿಲ್ಲ.